ಕೊಯ್ಲಿಗೆ ಮೊದಲೇ ಖರ್ಚಾದ ಅಡಿಕೆ

ಪ್ರಶ್ನೆ: ಅಕ್ಕಾ, ನಾನು ತೀರ್ಥಹಳ್ಳಿ ತಾಲ್ಲೂಕಿನವನು, ವಯಸ್ಸು 36. ಮೂರು ಎಕರೆ ಅಡಿಕೆ ತೋಟವಿದೆ. ವರ್ಷಕ್ಕೆ ಹತ್ತು ಲಕ್ಷದ ಹತ್ತಿರ ಬರುತ್ತದೆ, ತೋಟದ ಖರ್ಚು ನಾಲ್ಕು ಲಕ್ಷ. ಧಾರಣೆ ಚೆನ್ನಾಗಿದ್ದಾಗ ಕಾರು ಕೊಂಡೆ, ತಿಂಗಳಿಗೆ 11,000 ರೂಪಾಯಿ ಕಂತು. ದುಡ್ಡು ಬಂದು ಮೂರು ತಿಂಗಳಾಗುವಷ್ಟರಲ್ಲಿ ಕೈ ಖಾಲಿ. ಸ್ನೇಹಿತರೊಂದಿಗೆ ಹೋದರೆ ಬಿಲ್ ಕೊಡುವುದು ಯಾವಾಗಲೂ ನಾನೇ. ಈಗ ಅಡಿಕೆ ಮಾರುವ ಮಂಡಿಯಲ್ಲಿ ನಾಲ್ಕು ಲಕ್ಷ ಮುಂಗಡವಿದೆ, ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿ. ಕ್ರೆಡಿಟ್ ಕಾರ್ಡ್‌ನಲ್ಲಿ 60,000 ಬಾಕಿ, ಸಹಕಾರಿ ಸೊಸೈಟಿಯಲ್ಲಿ ಒಂದೂವರೆ ಲಕ್ಷ ಬೆಳೆಸಾಲ. ಕಾರಿನ ಸಾಲ ಬಿಟ್ಟರೆ ಬೇರೆ ಯಾವುದೂ ಹೆಂಡತಿಗೆ ಗೊತ್ತಿಲ್ಲ. ಅವಳ ತವರಿನ ಚಿನ್ನವನ್ನು ಲಾಕರ್‌ನಲ್ಲಿಡುತ್ತೇನೆಂದು ಹೇಳಿ ತೆಗೆದುಕೊಂಡು ಹೋಗಿ, ಅಡವಿಟ್ಟು ಎಲ್ಲವನ್ನೂ ತೀರಿಸಿಬಿಡಲೇ? ಅವಳು ವಾರವಾರ ಮಹಿಳಾ ಸಂಘದ ಲೆಕ್ಕ ಬರೆಯುತ್ತಾಳೆ, ಅಷ್ಟೇ. ಇಂಥ ದೊಡ್ಡ ವ್ಯವಹಾರ ಅವಳಿಗೆ ಅರ್ಥವಾಗದು. ಅಪ್ಪ ಇದೇ ತೋಟದಲ್ಲಿ ಇಬ್ಬರು ಅಕ್ಕಂದಿರ ಮದುವೆ ಮಾಡಿದರು. ನನ್ನಿಂದ ಯಾಕೆ ಆಗುತ್ತಿಲ್ಲ? ಕೊಯ್ಲು ಹತ್ತಿರ ಬರುತ್ತಿದೆ, ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಚಿನ್ನದ ವಿಚಾರವನ್ನು ಮೊದಲು ಇತ್ಯರ್ಥ ಮಾಡೋಣ, ಏಕೆಂದರೆ ಅದೊಂದನ್ನು ನೀವು ನಾಳೆಯೇ ಮಾಡಿಬಿಡಬಹುದು. ಮಾಡಬೇಡಿ. ತವರಿನಿಂದ ಬಂದ ಚಿನ್ನ ಸ್ತ್ರೀಧನ, ಕಾನೂನಿನಲ್ಲಿಯೂ ಅದು ನಿಮ್ಮ ಪತ್ನಿಯದೇ. ಚಿನ್ನವಿಟ್ಟು ಸಾಲ ಪಡೆಯುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ನಿಮ್ಮ ಮಂಡಿಯ ಬಡ್ಡಿಗಿಂತ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ, ಕಾರ್ಡಿನ ಬಡ್ಡಿಗಂತೂ ಹೋಲಿಸುವಂತೆಯೇ ಇಲ್ಲ. ಎಲ್ಲವನ್ನೂ ತಿಳಿದ ಮೇಲೆ ಅವರಾಗಿಯೇ ಎರಡು ಬಳೆ ತೆಗೆದುಕೊಟ್ಟು ‘ಕಾರ್ಡಿನ ಬಾಕಿ ತೀರಿಸಿ ಬನ್ನಿ’ ಎಂದರೆ ಸಂಕೋಚವಿಲ್ಲದೆ ತೆಗೆದುಕೊಳ್ಳಿ. ಲಾಕರಿನ ಸುಳ್ಳು ಹೇಳಿ ಒಯ್ದರೆ ಸಾಲ ತೀರಿದ ಮೇಲೂ ಆ ಸುಳ್ಳು ಮನೆಯಲ್ಲಿ ಉಳಿಯುತ್ತದೆ.

ಇನ್ನು ನಿಮ್ಮ ಅಪ್ಪನ ಮಾತು. ಅವರು ನಿಮಗಿಂತ ಜಾಣರಾಗಿದ್ದರು, ನೀವು ಕೈಲಾಗದವರು ಎಂದು ನೀವು ತೀರ್ಮಾನಿಸಿಕೊಂಡಂತಿದೆ. ನನಗೆ ಹಾಗೆ ಕಾಣುವುದಿಲ್ಲ. ಅವರ ಕಾಲದಲ್ಲಿ ಬರುವುದೂ ವರ್ಷಕ್ಕೊಮ್ಮೆ, ಕೊಡುವುದೂ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ. ಕಿರಾಣಿ ಅಂಗಡಿಯ ಬಾಕಿ, ಬಟ್ಟೆಯಂಗಡಿಯ ಬಾಕಿ ಎಲ್ಲವೂ ಅಡಿಕೆ ಮಾರಿದ ಮೇಲೆ ತೀರುತ್ತಿದ್ದವು. ನಿಮಗೆ ಬರುವುದು ಈಗಲೂ ವರ್ಷಕ್ಕೊಮ್ಮೆ. ಕೊಡಬೇಕಾದದ್ದು ಮಾತ್ರ ತಿಂಗಳು ತಿಂಗಳು: ಕಾರಿನ ಕಂತು, ಶಾಲೆಯ ವ್ಯಾನು, ಮೊಬೈಲ್, ಕಾರ್ಡ್. ಸಂಬಳವಿಲ್ಲದ ಮನೆಗೆ ಸಂಬಳದಾರರ ಖರ್ಚು ಬಂದು ಕುಳಿತಿದೆ. ಮಾರ್ಚ್ ಕಳೆದ ಮೇಲೆ ಕಂತು ಕಟ್ಟಲು ದುಡ್ಡಿಲ್ಲದೆ ಕಾರ್ಡ್ ಉಜ್ಜುತ್ತೀರಿ. ಮೇ, ಜೂನ್‌ನಲ್ಲಿ ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರ ಕೂಲಿ ಎಂದು ಮಂಡಿಗೆ ಹೋಗುತ್ತೀರಿ. ಮಳೆಗಾಲದ ನಡುವೆ ಎರಡನೇ ಸಲ ಔಷಧಿ ಹೊಡೆಸುವಾಗ ಮತ್ತೊಮ್ಮೆ. ಈ ವರ್ಷ ಮರದಲ್ಲಿರುವ ಅಡಿಕೆಗೊನೆಯಲ್ಲಿ ಒಂದು ಪಾಲು ಆಗಲೇ ಖರ್ಚಾಗಿದೆ.

ಮಂಡಿಯ ಮುಂಗಡ ಸಾಲವೆಂದು ಅನ್ನಿಸುವುದೇ ಇಲ್ಲ, ಅದೇ ಅದರ ಅಪಾಯ. ಯಾರೂ ಮನೆ ಬಾಗಿಲಿಗೆ ಬರುವುದಿಲ್ಲ, ನೋಟಿಸು ಕಳಿಸುವುದಿಲ್ಲ, ಅಡಿಕೆ ಹಾಕಿದಾಗ ಮುರಿದುಕೊಳ್ಳುತ್ತಾರೆ. ಆದರೆ ಒಂದೂವರೆ ರೂಪಾಯಿ ಬಡ್ಡಿಗೆ ನಾಲ್ಕು ಲಕ್ಷವೆಂದರೆ ತಿಂಗಳಿಗೆ 6,000, ವರ್ಷಕ್ಕೆ 72,000. ಅಷ್ಟು ದುಡ್ಡಿನ ಅಡಿಕೆಯನ್ನು ಬೇಯಿಸಿ, ಒಣಗಿಸಿ, ಬರೀ ಬಡ್ಡಿಗೆಂದು ಕೊಟ್ಟು ಬರುತ್ತಿದ್ದೀರಿ. ಮುಂಗಡ ತೆಗೆದುಕೊಂಡವನಿಗೆ ಧಾರಣೆ ಏರುವವರೆಗೆ ಕಾಯುವ ಧೈರ್ಯವೂ ಇರುವುದಿಲ್ಲ.

ಕಾರ್ಡಿನ ಲೆಕ್ಕ ಇನ್ನೂ ಕೆಟ್ಟದ್ದು. ಬಡ್ಡಿ ತಿಂಗಳಿಗೆ ಶೇ 3.5 ಎಂದು ಹಿಡಿಯಿರಿ, ಹಲವು ಕಾರ್ಡುಗಳಲ್ಲಿ ಅಷ್ಟಿರುತ್ತದೆ. 60,000ಕ್ಕೆ ಬಡ್ಡಿ 2,100, ಅದರ ಮೇಲೆ ಶೇ 18 ಜಿಎಸ್‌ಟಿ 378. ಕನಿಷ್ಠ ಮೊತ್ತವೆಂದು ಶೇ 5ರಂತೆ 3,000 ಕಟ್ಟಿ ನಿಟ್ಟುಸಿರು ಬಿಟ್ಟರೆ ಅಸಲಿನಲ್ಲಿ ಕಡಿಮೆಯಾಗುವುದು 522 ರೂಪಾಯಿ! ಹಳೆಯ ಬಾಕಿ ಇರುವವರೆಗೆ ಹೊಸದಾಗಿ ಕೊಂಡದ್ದಕ್ಕೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ. ಇವತ್ತೇ ಕಾರ್ಡನ್ನು ಪತ್ನಿಯ ಬೀರುವಿನಲ್ಲಿಡಿ, ಮೊಬೈಲಿನ ಅಂಗಡಿ ಆ್ಯಪ್‌ಗಳಲ್ಲಿ ಉಳಿಸಿಟ್ಟ ಅದರ ಸಂಖ್ಯೆಯನ್ನೂ ಅಳಿಸಿ.

ತೀರಿಸುವ ಕ್ರಮದಲ್ಲಿ ಒಂದು ಎಚ್ಚರಿಕೆ ಬೇಕು. ಫೋನ್ ಮಾಡಿ ಕಾಡುವವರಿಗೆ ಮೊದಲು ಕೊಟ್ಟು, ಸುಮ್ಮನಿರುವ ಸೊಸೈಟಿಯನ್ನು ಮರೆಯುವುದು ನಮ್ಮ ಕಡೆ ಸಾಮಾನ್ಯ. ಸೊಸೈಟಿಯ ಬೆಳೆಸಾಲಕ್ಕೆ ಬಡ್ಡಿ ಇಲ್ಲದಿರುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಗಡುವು ತಪ್ಪಿದರೆ ಆ ರಿಯಾಯಿತಿ ಕೈತಪ್ಪುತ್ತದೆ. ಆದ್ದರಿಂದ ಮೊದಲು ಸೊಸೈಟಿ, ನಂತರ ಕಾರ್ಡ್, ಉಳಿದದ್ದು ಮಂಡಿಗೆ. ಕಟ್ಟಿದ ಬೆಳೆಸಾಲವನ್ನು ಮತ್ತೆ ಪಡೆದು ತೋಟದ ಖರ್ಚಿಗೆ ಇಟ್ಟುಕೊಳ್ಳಿ. ರಾಜ್ಯದಲ್ಲಿ ಶೂನ್ಯ ಬಡ್ಡಿಯ ಮಿತಿಯನ್ನು 2023-24ರ ಬಜೆಟ್‌ನಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದ್ದಾರೆ. ನಿಮ್ಮ ಜಮೀನಿಗೆ ಎಷ್ಟು ಸಿಗಬಹುದೆಂದು ಕಾರ್ಯದರ್ಶಿಯವರನ್ನು ಕೇಳಿ. ಅಲ್ಲಿ ಸಿಗುವುದನ್ನು ಬಿಟ್ಟು ಮಂಡಿಯಲ್ಲಿ ಬಡ್ಡಿ ತೆರುವುದು ಬೇಡ.

ಈಗ ಸಂಬಳದ ಮಾತು. ನಿಮಗೆ ನೀವೇ ಸಂಬಳ ಕೊಟ್ಟುಕೊಳ್ಳಬೇಕು. ಅಡಿಕೆಯ ದುಡ್ಡು ಒಂದು ಖಾತೆಗೆ ಬರಲಿ, ಆ ಖಾತೆಗೆ ಯುಪಿಐ ಬೇಡ. ಅಲ್ಲಿಂದ ಪ್ರತಿ ತಿಂಗಳ ಒಂದನೇ ತಾರೀಖು ಮನೆಖರ್ಚಿನ ಖಾತೆಗೆ 20,000 ತಾನಾಗಿಯೇ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ಕಾರಿನ ವರ್ಷದ ಕಂತು 1,32,000 ಮೊದಲೇ ಬೇರೆ ಇಡಿ. ಹತ್ತು ಲಕ್ಷದಲ್ಲಿ ತೋಟಕ್ಕೆ ನಾಲ್ಕು, ಮನೆಗೆ 2,40,000, ಕಾರಿನದು ಕಳೆದರೆ ಸಾಲಕ್ಕೆ 2,28,000 ಉಳಿಯುತ್ತದೆ. ಸೊಸೈಟಿಗೆ ಕಟ್ಟಿದ್ದು ಮತ್ತೆ ಬೆಳೆಸಾಲವಾಗಿ ಕೈಗೆ ಬರುವುದರಿಂದ ಅದನ್ನು ಇಲ್ಲಿ ಸೇರಿಸಿಲ್ಲ. ಮೊದಲ ವರ್ಷ ಕಾರ್ಡ್ ಪೂರ್ತಿ ತೀರಿ, ಮಂಡಿಯ ಬಡ್ಡಿಯೂ ಸಂದು, ಅದರ ಅಸಲಿನಲ್ಲಿ ಒಂದು ಲಕ್ಷದ ಹತ್ತಿರ ಇಳಿಯುತ್ತದೆ. ಹೊಸ ಮುಂಗಡ ಮುಟ್ಟದಿದ್ದರೆ ಮೂರನೆಯ ಕೊಯ್ಲಿಗೆ ಮಂಡಿಯ ಸಾಲ ಮುಗಿಯುತ್ತದೆ. ಕೊಳೆರೋಗ ಬಂದರೆ, ಎಲೆಚುಕ್ಕೆ ರೋಗ ಹೆಚ್ಚಾದರೆ ಒಂದು ವರ್ಷ ಮುಂದೆ ಹೋಗಬಹುದು. ಧಾರಣೆಯನ್ನೂ ನಂಬಿ ಕೂರುವಂತಿಲ್ಲ. 2014ರಲ್ಲಿ ಕೆಂಪಡಿಕೆ ಎಲ್ಲಿಗೆ ಏರಿತ್ತು, ಆಮೇಲೆ ಎಲ್ಲಿಗೆ ಇಳಿಯಿತು ಎಂಬುದು ನಿಮಗೂ ನೆನಪಿರಬೇಕು. ಧಾರಣೆ ಏರಿದ ವರ್ಷ ಮನೆಗೆ ಕೊಡುವ 20,000ವನ್ನು ಏರಿಸದೆ, ಹೆಚ್ಚು ಬಂದದ್ದನ್ನೆಲ್ಲ ಅಸಲಿಗೆ ಹಾಕಿ.

ಸ್ನೇಹಿತರ ಬಿಲ್ಲಿನ ಬಗ್ಗೆ ನಿಮಗೆ ಬೈಯುವ ಮನಸ್ಸಿಲ್ಲ. ಕೊಡುವ ಕೈ ಒಳ್ಳೆಯ ಕೈಯೇ. ಆದರೆ ಈಗ ನೀವು ಕೊಡುತ್ತಿರುವುದು ಮಂಡಿಯವರ ದುಡ್ಡನ್ನು. ಒಮ್ಮೆ ‘ಈ ಸಲ ನೀನು ಕೊಡೋ’ ಎಂದು ಹೇಳಿ ನೋಡಿ. ಅಷ್ಟಕ್ಕೆ ದೂರವಾಗುವ ಸ್ನೇಹಿತ ಇಷ್ಟು ದಿನ ಏಕೆ ಹತ್ತಿರವಿದ್ದ ಎಂಬುದೂ ತಿಳಿಯುತ್ತದೆ. ಮದುವೆ, ಗೃಹಪ್ರವೇಶದ ಮುಯ್ಯಿಗೆ ವರ್ಷಕ್ಕಿಷ್ಟು ಎಂದು ಮೊದಲೇ ತೆಗೆದಿಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲು ಬೇರೆಯೇ ಇದೆ. ನಿಮ್ಮ ಪತ್ನಿ ಸಂಘದ ಲೆಕ್ಕ ಬರೆಯುತ್ತಾರೆ, ‘ಅಷ್ಟೇ’ ಎಂದಿದ್ದೀರಿ. ಒಂದು ವಾರದ ಸಭೆಯಲ್ಲಿ ದೂರ ಕುಳಿತು ನೋಡಿ. ಪ್ರತಿಯೊಬ್ಬರ ಉಳಿತಾಯವನ್ನು ಹೆಸರು ಹಿಡಿದು ಕೂಗಿ, ಎಣಿಸಿ, ಪಾಸ್‌ಬುಕ್ಕಿನಲ್ಲೂ ದೊಡ್ಡ ಪುಸ್ತಕದಲ್ಲೂ ಬರೆಯುತ್ತಾರೆ. ಯಾರ ಕಂತು ಬಾಕಿ, ಯಾರಿಗೆ ಈಗ ಸಾಲ ಕೊಡಬಹುದು, ಯಾರಿಗೆ ಬೇಡ ಎಂಬುದನ್ನು ಎಲ್ಲರೆದುರು ಮಾತಾಡಿ ತೀರ್ಮಾನಿಸುತ್ತಾರೆ. ಹತ್ತಾರು ಮನೆಗಳ ದುಡ್ಡು ಕಾಯುವವರಿಗೆ ತಮ್ಮ ಮನೆಯ ದುಡ್ಡು ಅರ್ಥವಾಗುವುದಿಲ್ಲ ಎಂದು ಹೇಗೆ ನಂಬಿದಿರಿ? ಇಷ್ಟು ವರ್ಷ ಮನೆಯಲ್ಲೇ ಇದ್ದ ಲೆಕ್ಕಿಗರನ್ನು ಕತ್ತಲಲ್ಲಿಟ್ಟು, ನೀವು ಒಬ್ಬರೇ ನಿದ್ದೆಗೆಟ್ಟಿದ್ದೀರಿ.

ಹೇಳುವಾಗ ಎಲ್ಲವನ್ನೂ ಒಂದೇ ಸಲ ಹೇಳಿ. ಮಂಡಿಯದ್ದು ಹೇಳಿ ಕಾರ್ಡಿನದ್ದು ಮುಚ್ಚಿಟ್ಟರೆ, ಅದು ಹೊರಬಂದ ದಿನ ಮೊದಲ ದಿನಕ್ಕಿಂತ ಹೆಚ್ಚು ನೋಯಿಸುತ್ತದೆ. ಮಕ್ಕಳು ಮಲಗಿದ ಮೇಲೆ, ಮನೆಯ ಹಿರಿಯರ ಎದುರಿಗಲ್ಲದೆ, ಇಬ್ಬರೇ ಇದ್ದಾಗ ಎಲ್ಲ ಸಾಲಗಳ ಕಾಗದವನ್ನು ಮುಂದಿಡಿ. ಚಿನ್ನದ ಬಗ್ಗೆ ಏನು ಯೋಚಿಸಿದ್ದಿರಿ ಎಂಬುದನ್ನೂ ಬಿಡಬೇಡಿ. ಅವರು ಸಿಟ್ಟಾಗುತ್ತಾರೆ, ಅಳಬಹುದು, ಎರಡು ದಿನ ಮಾತು ಬಿಡಬಹುದು. ಆಗ ಅವರು ಕೊಂಡ ಸೀರೆಯ ಲೆಕ್ಕ ತೆಗೆಯಬೇಡಿ, ಕ್ಷಮಿಸು ಎಂದು ಅವಸರಪಡಿಸಲೂಬೇಡಿ.

ಕೊಯ್ಲು ಶುರುವಾಗುವ ಮೊದಲು ಒಂದು ದಿನ ಇಬ್ಬರೂ ಮಂಡಿಗೆ ಹೋಗಿ ಬನ್ನಿ. ಅಸಲು ಎಷ್ಟು, ಬಡ್ಡಿ ಎಷ್ಟು, ಯಾವ ತಾರೀಖಿನಿಂದ ಎಂದು ಬೇರೆ ಬೇರೆ ಬರೆಸಿಕೊಂಡು, ಆ ಚೀಟಿಯನ್ನು ಪತ್ನಿಯ ಕೈಯಲ್ಲೇ ಕೊಡಿಸಿ.