ಮಂಕಾದ ಶಹಾಬಾದ್ ಫರಸಿಗೆ ವಿನೆಗರ್ ಹಾಕಿ ಒರೆಸಿದರೆ ಹೊಳಪು ಬರುತ್ತದೆಯೇ?

ಬರುವುದಿಲ್ಲ, ಇದ್ದ ಹೊಳಪೂ ಹೋಗುತ್ತದೆ. ಶಹಾಬಾದ್ ಕಲ್ಲು ಸುಣ್ಣಕಲ್ಲು. ವಿನೆಗರ್, ನಿಂಬೆರಸ, ಬಾತ್‌ರೂಮ್ ಆ್ಯಸಿಡ್ ಯಾವುದು ಬಿದ್ದರೂ ಮೇಲ್ಮೈ ಕರಗಿ ಬಿಳಿ ಕಲೆ ಕೂರುತ್ತದೆ. ಟೈಲ್ಸ್‌ಗೆ ಹೇಳಿದ ಉಪಾಯ ಇಲ್ಲಿ ನಡೆಯದು.

ಮೊದಲು ಉಗುರಿನಿಂದ ಕೆರೆದು ನೋಡಿ. ಬಿಳಿ ಪುಡಿ ಎದ್ದರೆ ಅದು ಸೋಪು ಮತ್ತು ಬೋರ್‌ವೆಲ್ ಗಡಸು ನೀರಿನ ಪೊರೆ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಫರಸಿ ಮಂಕಾಗಲು ಇದು ಸಾಮಾನ್ಯ ಕಾರಣ. ಚೆನ್ನಾಗಿ ಕಸ ಗುಡಿಸಿ, 5 ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದೇ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮೆತ್ತನೆ ಬ್ರಷ್‌ನಿಂದ ಉಜ್ಜಿ. ಆಮೇಲೆ ಬರೀ ನೀರಲ್ಲಿ ಎರಡು ಸಲ ಒರೆಸಿ; ಸಾಧ್ಯವಾದರೆ ಫಿಲ್ಟರ್ ನೀರು. ತಾನೇ ಆರಲಿ ಎಂದು ಬಿಡಬೇಡಿ, ಒಣ ಹತ್ತಿ ಬಟ್ಟೆಯಿಂದ ತಕ್ಷಣ ಒರೆಸಿ. ನೀರು ಆರಿದ ಜಾಗದಲ್ಲೇ ಪೊರೆ ಮತ್ತೆ ಕಟ್ಟುತ್ತದೆ.

ಎಣ್ಣೆ ಕಲೆಗೆ ಅಡುಗೆ ಸೋಡಾ ಗಟ್ಟಿಯಾಗಿ ಕಲಸಿ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯಿಡೀ ಬಿಡಿ.

ಒಂದು ದಿನ ಪೂರ್ತಿ ಒಣಗಿದ ಮೇಲೆ, ಬೇಕಿದ್ದರೆ ಅಗಸೆ ಎಣ್ಣೆಯನ್ನು ಬಟ್ಟೆಗೆ ತುಸುವೇ ಅದ್ದಿ ತೆಳ್ಳಗೆ ಸವರಿ, 15 ನಿಮಿಷಕ್ಕೆ ಹೆಚ್ಚಾದುದನ್ನೆಲ್ಲ ಒರೆಸಿ ತೆಗೆಯಿರಿ. ಕಲ್ಲಿನ ಬಣ್ಣ ಗಾಢವಾಗುತ್ತದೆ, ಆದ್ದರಿಂದ ಮೂಲೆಯಲ್ಲಿ ಪರೀಕ್ಷಿಸಿ. ಕೊಬ್ಬರಿ ಎಣ್ಣೆ ಬೇಡ. ಅದು ಒಣಗದೆ ಧೂಳು ಹಿಡಿಯುತ್ತದೆ, ಕಾಲೂ ಜಾರುತ್ತದೆ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ.

ಕೆರೆದಾಗ ಪುಡಿ ಬಾರದೆ ಕಲ್ಲೇ ಒರಟಾಗಿದ್ದರೆ ಅದು ಆ್ಯಸಿಡ್ ತಿಂದ ಗುರುತು. ಸಣ್ಣ ಕಲೆಯಾದರೆ ನೀರು ಹಾಕುತ್ತ 400, ನಂತರ 800 ನಂಬರ್ ವಾಟರ್ ಪೇಪರ್‌ನಿಂದ (ಒದ್ದೆ ಮಾಡಿ ಬಳಸುವ ಉಜ್ಜುಕಾಗದ) ತಿಕ್ಕಿ. ಇಡೀ ಕೋಣೆ ಹಾಗಿದ್ದರೆ ಪಾಲಿಶ್ ಮಷೀನ್‌ನವರನ್ನೇ ಕರೆಯಬೇಕು.