ಡಯಾಲಿಸಿಸ್ ಇದ್ದವ್ರಿಗೆ ಆಮಶಂಕಿ ಗುಳಿಗಿ ಅರ್ಧ ಮಾಡಿ ಕೊಡಬೇಕಾ?

ಪ್ರಶ್ನೆ: ಡಾಕ್ಟ್ರ, ಮುಧೋಳದಿಂದ ಬರಿಯಾಕತ್ತೇನ್ರಿ. ನಮ್ಮ ಅಪ್ಪಾರಿಗೆ ವಾರಕ್ಕ ಎರಡ್ ಸಲ ಡಯಾಲಿಸಿಸ್ ಐತಿ. ನಾಕ್ ದಿನ ಆತು ಆಮಶಂಕಿ ಹತ್ತಿ ರಕ್ತ ಬೀಳಾಕತ್ತೈತಿ. ಟೆಸ್ಟ್‌ನ್ಯಾಗ ಅಮೀಬಾ ಅಂತ ಬಂತು, ಮೆಟ್ರೊನಿಡಜೋಲ್ ಬರ್ದು ಕೊಟ್ಟಾರ. ಕಿಡ್ನಿಗೆ ತ್ರಾಸ ಆಕ್ಕೈತಿ, ಅರ್ಧಾ ಕೊಡ್ರಿ ಅಂತಾರ ಓಣ್ಯಾಗಿನವ್ರು. ಏನ್ ಮಾಡೂದ್ರಿ?

ಉತ್ತರ: ಅರ್ಧ ಮಾಡಬ್ಯಾಡ್ರಿ. ಈ ಔಷಧ ಕರಗೂದು ಹೆಚ್ಚಾಗಿ ಲಿವರ್‌ನ್ಯಾಗ, ಹಿಂಗಾಗಿ ಕಿಡ್ನಿ ಕೆಟ್ಟವ್ರೊಳಗೂ ಅದು ರಕ್ತದಾಗ ಇರೂದು ಎಲ್ಲಾರಂಗ, ಸುಮಾರು 8 ತಾಸಿಗೆ ಅರ್ಧ ಇಳಿತೈತಿ. (ಲಿವರ್ ಖರಾಬ್ ಇದ್ರ ಮಾತ್ ಬ್ಯಾರೆ, ಅದನ್ನ ಡಾಕ್ಟ್ರಿಗೆ ಹೇಳ್ರಿ.) ಅರ್ಧ ಡೋಸ್ ಕೊಟ್ರ ಅಮೀಬಾ ಸಾಯೂದಿಲ್ಲ, ಅಪ್ಪಾರ ಮೈಯಾಗ ಮೊದ್ಲ ರಕ್ತ ಕಡಿಮಿ ಇರತೈತಿ, ಇನ್ನೂ ಹೋಗಾಕ ಬಿಡಬಾರ್ದು.

ನಿಮಗ ಯಾರೂ ಹೇಳಿರಲಿಕ್ಕಿಲ್ಲ, ಖರೇ ಫರಕ್ ಬೀಳೂದು ಡಯಾಲಿಸಿಸ್ ದಿನ. ಮಷೀನ್ ಈ ಔಷಧಾನ ರಕ್ತದಿಂದ ತೊಳದ ಬಿಡತೈತಿ. ಇದ ಜಾತಿಯ ಇನ್ನೊಂದ್ ಗುಳಿಗಿ ಟಿನಿಡಜೋಲ್ ಕೊಟ್ಟು ಅಳದ್ ನೋಡಿದಾಗ 6 ತಾಸಿನ ಡಯಾಲಿಸಿಸ್‌ನ್ಯಾಗ 43% ಹೊರಗ ಹೋಗಿತ್ತು, 12 ತಾಸಿಗೆ ಅರ್ಧ ಇಳಿಯೂದು 4.9 ತಾಸಿಗೇ ಇಳದಿತ್ತು. ಮೆಟ್ರೊನಿಡಜೋಲೂ ಹಂಗ, 40ರಿಂದ 65% ತನಕ ಹೋಗ್ತೈತಿ. ಅದಕ್ಕ ಆ ದಿನದ ಗುಳಿಗಿ ಡಯಾಲಿಸಿಸ್ ಮುಗದ ಮ್ಯಾಲೆ ತಗೊಳ್ಳೂವಂಗ ಟೈಮ್ ಕೂಡಸ್ಕೋರಿ, ಪಟ್ಟಿ ಒಯ್ದು ಸಿಸ್ಟರ್‌ಗೆ ತೋರಸ್ರಿ.

ಹಂಗಂತ ನಿಶ್ಚಿಂತಿ ಇರಬ್ಯಾಡ್ರಿ. ಲಿವರ್ ಕರಗಿಸಿದ ಮ್ಯಾಲೆ ಉಳಿಯೂ ಅಂಶ ಹೊರಗ ಹಾಕೂದು ಕಿಡ್ನಿ ಕೆಲಸ, ಅದು ಇವ್ರೊಳಗ ಕೂಡತೈತಿ. ನನ್ನ ಕಡೆ ಬಂದ ಒಬ್ಬ ಹಿರೇರು ಹೊಟ್ಟಿ ಕೆಟ್ಟಾಗೆಲ್ಲಾ ಅಂಗಡ್ಯಾಗಿಂದ ಇದ ಗುಳಿಗಿ ತಗೊಂಡು ತಿಂಗಳಗಟ್ಟಲೆ ನುಂಗಿದ್ರು, ಒಳಗ ನಡಕೊಂತ ಬರಬೇಕಾದ್ರ ಒಂದ್ ಚಪ್ಪಲ್ ಬಾಗಲದಾಗ ಕಳಚಿ ಬಿದ್ದಿದ್ದು ಅವ್ರಿಗೆ ಗೊತ್ತಾಗಿರಲಿಲ್ಲ, ಅಷ್ಟು ಪಾದ ಜೋಮು ಹಿಡದಿದ್ವು. ನಿಮ್ಮ ಅಪ್ಪಾರಿಗೆ ಪಾದ ಜುಮುಜುಮು ಅಂದ್ರ, ಮಾತು ತೊದಲಿದ್ರ, ನಡಿಗಿ ತಪ್ಪಿದ್ರ ಅವತ್ತ ಫೋನ್ ಮಾಡ್ರಿ, ಸಕ್ಕರಿ ಕಾಯಿಲೆ ಅಂತ ತಳ್ಳಿ ಹಾಕಬ್ಯಾಡ್ರಿ. ಬಾಯಾಗ ಲೋಹದ ರುಚಿ, ಮೂತ್ರ ಕಂದು ಬಣ್ಣ, ಇವಕ್ಕ ಅಂಜಬ್ಯಾಡ್ರಿ. ಶೆರೆ ಮಾತ್ರ ಮುಟ್ಟಬಾರ್ದು.

ಬೇಧಿ ಅಂತ ಓಆರ್‌ಎಸ್ ತಾವ ಕುಡಿಸಬ್ಯಾಡ್ರಿ, ಎಷ್ಟು ನೀರು ಅಂತ ಕಿಡ್ನಿ ಡಾಕ್ಟ್ರನ್ನ ಕೇಳ್ರಿ. ಎಳನೀರಂತೂ ಬ್ಯಾಡ, ಅದ್ರಾಗಿನ ಪೊಟ್ಯಾಸಿಯಂ ಇವ್ರ ಹೃದಯಕ್ಕ ಆಗೂದಿಲ್ಲ.