ಭಾವನಿಗೆ 67, ನನಗೆ 30: ಇವತ್ತೇ ವೈಲ್ಡ್‌ಕಾರ್ಡ್ ಒತ್ತಿಬಿಡಲಾ?

ಪ್ರಶ್ನೆ: ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಮತ್ತೆ ಮನೆಯ ಹುಡುಗರೆಲ್ಲ ಸೇರಿ ಒಂಬತ್ತು ಜನ ಫ್ಯಾಂಟಸಿ ಪ್ರೀಮಿಯರ್ ಲೀಗ್ ಆಡುತ್ತೇವೆ (ಇಂಗ್ಲೆಂಡಿನ ಫುಟ್‌ಬಾಲ್ ಲೀಗಿನ ಆಟಗಾರರನ್ನು ಆರಿಸಿ ತಂಡ ಕಟ್ಟುವುದು, ಅವರು ನಿಜವಾಗಿ ಆಡಿದ್ದಕ್ಕೆ ನಮಗೆ ಅಂಕ). ಮೇ ತಿಂಗಳಲ್ಲಿ ಕೊನೆಯ ಸ್ಥಾನದಲ್ಲಿ ಇದ್ದವರು ಎಲ್ಲರಿಗೂ ಗಡ್‌ಬಡ್ ತಿನ್ನಿಸಬೇಕು. ಈ 10ನೇ ವಾರ ನನಗೆ 38 ಅಂಕ, ಉಚಿತದ ಮೇಲೆ ಹೆಚ್ಚುವರಿ ಎರಡು ಟ್ರಾನ್ಸ್‌ಫರ್‌ಗೆ, ಅಂದರೆ ಆಟಗಾರರನ್ನು ಬದಲಿಸಿದ್ದಕ್ಕೆ, ತಲಾ 4ರಂತೆ 8 ಕಳೆದು 30. ಭಾವನಿಗೆ 67! ಕ್ಯಾಪ್ಟನ್ ಅಂಕ ಎರಡು ಪಟ್ಟಾಗುತ್ತದೆ, ಆದರೆ ನಾನು ಕ್ಯಾಪ್ಟನ್ ಮಾಡಿದ ಸ್ಟ್ರೈಕರ್ 78ನೇ ನಿಮಿಷಕ್ಕೆ ಮೈದಾನಕ್ಕಿಳಿದ. ವೈಸ್ ಕ್ಯಾಪ್ಟನ್ ಎರಡು ಗೋಲು ಹೊಡೆದು 15 ತಂದ. ಬೆಂಚಿನಲ್ಲಿ ಕೂರಿಸಿದ ಡಿಫೆಂಡರ್‌ಗೂ 15, ಅದು ಲೆಕ್ಕಕ್ಕೇ ಬರಲಿಲ್ಲ. ಒಟ್ಟಿನಲ್ಲಿ ಭಾವನಿಗಿಂತ 83 ಅಂಕ ಹಿಂದೆ ಇದ್ದೇನೆ. ಭಾವ ಫ್ಯಾಮಿಲಿ ಗ್ರೂಪಿನಲ್ಲಿ ಸ್ಟಿಕ್ಕರ್ ಹಾಕುತ್ತಲೇ ಇದ್ದಾರೆ, ನಾನು ಅವರ ಫೋನ್ ಎತ್ತುತ್ತಿಲ್ಲ. ಶನಿವಾರ ಅವರ ತರವಾಡು (ಕುಟುಂಬದ ಮೂಲ) ಮನೆಯಲ್ಲಿ ದೈವದ ನೇಮ, ಹೋಗದೆ ಉಪಾಯ ಇಲ್ಲ. ವೈಲ್ಡ್‌ಕಾರ್ಡ್ ಒತ್ತಿ ಅಂಕದ ದಂಡವಿಲ್ಲದೆ ಇಡೀ ತಂಡ ಬದಲಿಸಲಾ, ಆಟವನ್ನೇ ಬಿಡಲಾ?
– ಬಿಜೈಯ ಅಳಿಯ

ಉತ್ತರ: ಅಳಿಯರೇ, ಮೊದಲು ಆ್ಯಪ್ ಮುಚ್ಚಿ. ವೈಲ್ಡ್‌ಕಾರ್ಡ್ ಹಾಕಿ ಟ್ರಾನ್ಸ್‌ಫರ್ ಖಚಿತಪಡಿಸಿದರೆ ಮುಗಿಯಿತು, ಹಿಂದಕ್ಕೆ ಪಡೆಯಲು ಬರುವುದಿಲ್ಲ. ಬೆಂಚಿನವರ ಅಂಕವನ್ನೂ ಸೇರಿಸುವ ಬೆಂಚ್ ಬೂಸ್ಟ್, ಕ್ಯಾಪ್ಟನ್ ಅಂಕವನ್ನು ಮೂರು ಪಟ್ಟು ಮಾಡುವ ಟ್ರಿಪಲ್ ಕ್ಯಾಪ್ಟನ್ ಆದರೆ ಡೆಡ್‌ಲೈನ್ ತನಕ ರದ್ದು ಮಾಡಬಹುದು. ಕಂಬಳದಲ್ಲಿ ಒಂದು ಓಟ ಸೋತಿತೆಂದು ಕೋಣವನ್ನು ಅದೇ ರಾತ್ರಿ ಮಾರಿ ಬರುವವರುಂಟಾ?

ಈಗ ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕುವ. ಹೊಸದಾಗಿ ತಂದ ಮೂವರು (ಉಚಿತವಾಗಿ ಒಬ್ಬ, ದಂಡ ಕೊಟ್ಟು ಇಬ್ಬರು) ಎಷ್ಟು ಅಂಕ ಗಳಿಸಿದರು, ಮಾರಿದ ಮೂವರು ಎಷ್ಟು ಗಳಿಸಿದರು ಬರೆಯಿರಿ. ತಂದವರದ್ದು 9, ಹೋದವರದ್ದು 14 ಅಂತಿಟ್ಟುಕೊಳ್ಳಿ. ಆಗ ನಷ್ಟ ಬರೀ 8 ಅಲ್ಲ, 13. ಸುಮ್ಮನೆ ಕೂತಿದ್ದರೆ 43 ಆಗುತ್ತಿತ್ತು. ಇದು ನಿಮ್ಮ ಕೈಯಾರೆ ಆದದ್ದು. 60 ನಿಮಿಷ ಆಡಿದವನಿಗೆ ಸಿಗುವುದೇ 2 ಅಂಕ, ಹಾಗಿರುವಾಗ 4 ಅಂಕ ಕೊಟ್ಟು ತಂದವನು ಮೊದಲ ವಾರವೇ ಸಾಲ ತೀರಿಸುವುದು ಅಪರೂಪ. ಮುಂದಿನ ಮೂರ್ನಾಲ್ಕು ಪಂದ್ಯ ಸೇರಿಸಿ ನೋಡಿದಾಗಲೂ 4ಕ್ಕಿಂತ ಹೆಚ್ಚು ಲಾಭ ಕಾಣುತ್ತದೆ ಎಂದಿದ್ದರೆ ಮಾತ್ರ ಮೈನಸ್‌ಗೆ ಕೈಹಾಕಿ. ಗಾಯಾಳುವಿನ ಜಾಗ ತುಂಬಲು ಬೆಂಚಿನಲ್ಲಿ ಖಾಯಂ ಆಡುವವನೊಬ್ಬ ಇದ್ದರೆ ಅದೂ ಬೇಡ.

ಕ್ಯಾಪ್ಟನ್ ವಿಷಯ ಅರ್ಧ ತಪ್ಪು, ಅರ್ಧ ಗ್ರಹಚಾರ. ವೈಸ್ ಕ್ಯಾಪ್ಟನ್‌ಗೆ ಪಟ್ಟ ಸಿಗುವುದು ಕ್ಯಾಪ್ಟನ್ ಒಂದು ನಿಮಿಷವೂ ಆಡದಿದ್ದರೆ ಮಾತ್ರ. ನಿಮ್ಮವನು ಹನ್ನೆರಡು ನಿಮಿಷ ಓಡಾಡಿ 1 ಅಂಕ ತಂದ, ಅದು ಎರಡಾಯಿತು, 15ರ ಬಾಗಿಲು ಮುಚ್ಚಿತು. ಪೂರ್ತಿ ಬೆಂಚಿನಲ್ಲೇ ಕೂತಿದ್ದರೆ ನಿಮಗೆ ಒಳ್ಳೆಯದಿತ್ತು! ಹಾಗಾಗಿ ಕ್ಯಾಪ್ಟನ್ ಆರಿಸುವಾಗ ಎದುರಾಳಿಗಿಂತ ಮೊದಲು ಕ್ಯಾಲೆಂಡರ್ ನೋಡಿ. ಮಂಗಳವಾರ, ಬುಧವಾರ ಯುರೋಪಿನ ಚಾಂಪಿಯನ್ಸ್ ಲೀಗ್ ಪಂದ್ಯ ಇರುವ ಕ್ಲಬ್‌ಗಳು ಶನಿವಾರ ಆಟಗಾರರಿಗೆ ವಿಶ್ರಾಂತಿ ಕೊಡುವುದುಂಟು. ಪೆಪ್ ಗ್ವಾರ್ಡಿಯೋಲಾ ಮ್ಯಾಂಚೆಸ್ಟರ್ ಸಿಟಿಯ ಕೋಚ್ ಆಗಿ ಹೀಗೆ ತಂಡ ತಿರುಗಿಸಿಯೇ ‘ಪೆಪ್ ರೂಲೆಟ್’ ಎಂಬ ಮಾತು ಹುಟ್ಟಿಸಿದವರು. ಪೆನಾಲ್ಟಿ ಹೊಡೆಯುವವನು, 85 ನಿಮಿಷವಾದರೂ ಮೈದಾನದಲ್ಲಿ ಉಳಿಯುವವನು, ತವರಿನ ಪಂದ್ಯ: ಈ ಮೂರರಲ್ಲಿ ಎರಡಾದರೂ ಇರಲಿ.

ಬೆಂಚಿನ ಡಿಫೆಂಡರ್ ಬಗ್ಗೆ ಮಾತ್ರ ಕೊರಗಬೇಡಿ. ಗೋಲು 6, ಕ್ಲೀನ್ ಶೀಟ್ (ತಂಡ ಗೋಲು ಬಿಟ್ಟುಕೊಡದ್ದಕ್ಕೆ) 4, ಆಡಿದ್ದಕ್ಕೆ 2, ಬೋನಸ್ 3 – ಇದನ್ನು ಮೊದಲೇ ಹೇಳಬಲ್ಲವರು ಯಾರೂ ಇಲ್ಲ. ಅದೇ ಸಿಟ್ಟಿನಲ್ಲಿ ಅವನನ್ನು ಈ ವಾರ ಕಣ್ಣುಮುಚ್ಚಿ ಇಳಿಸಿದರೆ ಅದು ಎರಡನೇ ತಪ್ಪು. ಅಗ್ಗದ ಡಿಫೆಂಡರ್ ಬೇಕಿದ್ದರೆ ಒಂದು ಉಪಾಯ ಉಂಟು. 2025-26ರಿಂದ ಚೆಂಡು ತಡೆಯುವ ಕೆಲಸಗಳು, ಅಂದರೆ ಕ್ಲಿಯರೆನ್ಸ್, ಬ್ಲಾಕ್, ಇಂಟರ್‌ಸೆಪ್ಷನ್, ಟ್ಯಾಕಲ್, ಒಂದು ಪಂದ್ಯದಲ್ಲಿ ಸೇರಿ 10 ಆದರೆ ಡಿಫೆಂಡರ್‌ಗೆ 2 ಅಂಕ. ಸದಾ ಒತ್ತಡದಲ್ಲಿರುವ ಸಣ್ಣ ಕ್ಲಬ್ಬಿನ ಸೆಂಟರ್ ಬ್ಯಾಕ್ ಒಂದು ಗೋಲು ಬಿಟ್ಟುಕೊಟ್ಟ ದಿನವೂ 4 ತರಬಹುದು.

ಇನ್ನು ವೈಲ್ಡ್‌ಕಾರ್ಡ್. ನಿಮ್ಮ ಹದಿನೈದು ಆಟಗಾರರಲ್ಲಿ ನಿಜವಾಗಿ ತೆಗೆಯಬೇಕಾದವರು ಎಷ್ಟು ಮಂದಿ? ಗಾಯ, ಅಮಾನತು, ಕ್ಲಬ್ಬಿನಲ್ಲಿ ಜಾಗ ಕಳೆದುಕೊಂಡವರು, ಇಷ್ಟೇ ಲೆಕ್ಕಕ್ಕೆ ಬರಲಿ. ಒಂದು ಕೆಟ್ಟ ಶನಿವಾರ ಕಾರಣವೇ ಅಲ್ಲ. ಎರಡು ಮೂರಾದರೆ ಉಚಿತ ಟ್ರಾನ್ಸ್‌ಫರ್ ಸಾಕು, ಅವನ್ನು ಐದರವರೆಗೆ ಕೂಡಿಡಬಹುದು. ಐದಾರು ದಾಟಿದರೆ ವೈಲ್ಡ್‌ಕಾರ್ಡ್ ಹಾಕಿ, ಆದರೆ 11ನೇ ವಾರದ ನಂತರದ ಅಂತಾರಾಷ್ಟ್ರೀಯ ವಿರಾಮದಲ್ಲಿ. ದೇಶಕ್ಕೆ ಆಡಿ ಬಂದವರಲ್ಲಿ ಯಾರು ಕುಂಟುತ್ತಿದ್ದಾರೆ ಎಂದು ಆಗ ಗೊತ್ತಿರುತ್ತದೆ. ಮೊದಲ ವೈಲ್ಡ್‌ಕಾರ್ಡ್‌ಗೆ 19ನೇ ವಾರದ ಡೆಡ್‌ಲೈನ್ ತನಕ ಸಮಯ ಉಂಟು.

ಸಿಟ್ಟಿನಲ್ಲಿ ಮಾರುವುದಕ್ಕೆ ಇನ್ನೊಂದು ದಂಡವೂ ಉಂಟು. ಆಟದ ಲೆಕ್ಕದಲ್ಲಿ 7.0 ಮಿಲಿಯನ್ ಪೌಂಡಿಗೆ ಕೊಂಡವನ ಬೆಲೆ 7.4 ಆಗಿದ್ದರೆ ಮಾರುವಾಗ ಸಿಗುವುದು 7.2, ಲಾಭದಲ್ಲಿ ಅರ್ಧ ಮಾತ್ರ. ಮುಂದಿನ ವಾರ ಮನಸ್ಸು ಬದಲಾಗಿ ಅವನನ್ನೇ ಕರೆತರಲು ಪೂರ್ತಿ 7.4 ಬೇಕು. ಬೆಲೆ ಏರುತ್ತದೆ ಎಂಬ ಗಾಬರಿಯಲ್ಲಿ ಭಾನುವಾರ ರಾತ್ರಿಯೇ ಕೊಳ್ಳುವವರು ಉಳಿಸುವುದು 0.1. ಬುಧವಾರ ಆತ ತೊಡೆ ಹಿಡಿದುಕೊಂಡು ಕುಂಟುತ್ತಾ ಹೊರಬಂದರೆ ಮತ್ತೆ 4 ಅಂಕ ದಂಡ.

83 ಅಂಕ ದೊಡ್ಡದಾಗಿ ಕಾಣುವುದು ಸಹಜ. ಉಳಿದಿರುವುದು 28 ವಾರ, ಅಂದರೆ ವಾರಕ್ಕೆ ಮೂರು ಅಂಕ. ಭಾವನ ಕಳೆದ ವಾರದ ತಂಡ ತೆರೆದು ನಿಮ್ಮದರ ಪಕ್ಕ ಇಟ್ಟು ನೋಡಿ. ಇಬ್ಬರಲ್ಲೂ ಇರುವ ಆಟಗಾರರು ಎಷ್ಟು ಗೋಲು ಹೊಡೆದರೂ ಅಂತರ ಕದಲುವುದಿಲ್ಲ, ಕ್ಯಾಪ್ಟನ್ ಒಬ್ಬನೇ ಆದರೂ ಅಷ್ಟೇ. ಅವರಲ್ಲಿ ಇಲ್ಲದ ಒಳ್ಳೆಯ ಇಬ್ಬರನ್ನು ಇಟ್ಟುಕೊಳ್ಳಿ, ಸಾಕು. ಐದಾರು ಜನರನ್ನು ಬೇರೆ ಮಾಡಹೊರಟರೆ ಅಂತರ ಇನ್ನೂ ಅಗಲವಾಗುವ ಸಂಭವವೇ ಹೆಚ್ಚು.

ಫೋನ್ ಎತ್ತಿ ಮಾರಾಯ್ರೇ. “ಭಾವ, ನಂದು ಮೂವತ್ತು” ಎಂದು ನೀವೇ ಮೊದಲು ಹೇಳಿ, ಅಲ್ಲಿಗೆ ಅವರ ಸ್ಟಿಕ್ಕರಿನ ಕೆಲಸ ಮುಗಿಯಿತು. ಆಟ ಬಿಡುವ ಮಾತು ಬೇಡ, ಬಿಟ್ಟರೆ ಗಡ್‌ಬಡ್ ಖರ್ಚು ಹೇಗೂ ನಿಮ್ಮದೇ.

ಶನಿವಾರದ್ದು ಮಾತ್ರ ನೆನಪಿರಲಿ. ಅಕ್ಟೋಬರ್ ಕೊನೆಗೆ ಇಂಗ್ಲೆಂಡಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿದೆ, ಅಲ್ಲಿನ ಹನ್ನೆರಡೂವರೆಯ ಪಂದ್ಯ ನಮಗೆ ಸಂಜೆ 6ಕ್ಕೆ. ಡೆಡ್‌ಲೈನ್ ಅದಕ್ಕೆ 90 ನಿಮಿಷ ಮೊದಲು, 4:30ಕ್ಕೆ. ಶುಕ್ರವಾರ ರಾತ್ರಿ ಕೋಚ್‌ಗಳ ಪತ್ರಿಕಾಗೋಷ್ಠಿಯ ಸುದ್ದಿ ನೋಡಿ ಕ್ಯಾಪ್ಟನ್, ವೈಸ್ ಕ್ಯಾಪ್ಟನ್, ಬೆಂಚಿನ ಸಾಲು ಮೂರನ್ನೂ ಸರಿಮಾಡಿ ಸೇವ್ ಒತ್ತಿ ಮಲಗಿ. ತರವಾಡು ಮನೆಯ ಅಂಗಳದಲ್ಲಿ ನೆಟ್‌ವರ್ಕ್ ಸಿಗುತ್ತದೆಂದು ನಂಬಿ ಹೋಗಬೇಡಿ.